ನನ್ನ ಕಾಲಿನ ನಂಬರ್ ಎಂಟು, ಏನೀಗ?

ಈಚೆಗೆ ಒಂದು ಶನಿವಾರ ಬೆಳಿಗ್ಗೆ ನಮ್ಮನೆಯವರು ಹಾಲು ತರಲು ಹೋಗಿದ್ದ ಹತ್ತೇ ನಿಮಿಷದಲ್ಲಿ ನಾನು ಮಾಡಬಾರದ ಕೆಲಸವೊಂದನ್ನು ಮಾಡಿದೆ. ಅನ್ನ ಬಡಿಸುವ ಚಮಚವನ್ನು ಹಿಮ್ಮಡಿಗೆ ಕೊಟ್ಟು, ಹೊಸ ಶೂ ಒಳಗೆ ಕಾಲು ತುರುಕತೊಡಗಿದೆ. ಅಷ್ಟರಲ್ಲಾಗಲೇ ಪೌಡರ್ ಸುರಿದು ನೋಡಿಯಾಗಿತ್ತು. ಉಸಿರು ಬಿಗಿಹಿಡಿದು ನೋಡಿಯಾಗಿತ್ತು. (ಉಸಿರಿಗೂ ಕಾಲಿಗೂ ಏನು ಸಂಬಂಧ ಅಂತ ಕೇಳಬೇಡಿ.) ಐದು ಬೆರಳೂ ಒಳಗೆ ಒಂದರ ಮೇಲೊಂದು ಕೂತಿದ್ದವು. ಹಿಮ್ಮಡಿ ಮಾತ್ರ ಹೊರಗೆ.

ಅಷ್ಟರಲ್ಲಿ ಗೇಟು ಸದ್ದಾಯಿತು.

"ಏನೇ ಅದು? ಅನ್ನದ ಚಮಚ ಅಲ್ವಾ!"

"ತೊಳೆದಿಡ್ತೀನಿ ಬಿಡಿ."

"ತೊಳೆದ್ರೆ ಆಗೋಯ್ತಾ? ಇನ್ಮೇಲೆ ಅದು ಗುಲಾಬಿ ಕುಂಡಕ್ಕೆ ಮಣ್ಣು ಹಾಕೋಕೆ ಇರ್ಲಿ." ಆಮೇಲೆ ಮುಖ ಅರಳಿಸಿಕೊಂಡು, "ಶೂ ಸರಿಯಾಯ್ತು ತಾನೇ?" ಅಂದರು.

"ಪರ್ಫೆಕ್ಟ್!" ಅಂದೆ. ಕಣ್ಣಲ್ಲಿ ನೀರು ಬಂತು. ಸಂತೋಷಕ್ಕೆ ಅಂದುಕೊಂಡರು ಪಾಪ.

ನನ್ನ ಐವತ್ತನೇ ಹುಟ್ಟುಹಬ್ಬಕ್ಕೆ ಅವರು ತಂದ ಉಡುಗೊರೆ ಅದು. ಡಿಸೈನರ್ ಸ್ನೀಕರ್ಸ್! ಕೆನೆ ಬಣ್ಣ, ಪಕ್ಕದಲ್ಲಿ ನೀಲಿ ದಾರದ ಕೈ ಕಸೂತಿ. ನಮ್ಮ ಮೈಸೂರಿನ ಗೋಕುಲಂನ ಒಂದು ಪುಟ್ಟ ಅಂಗಡಿಯಲ್ಲಿ ಆರಿಸಿದ್ದಂತೆ. ಕುಕ್ಕರ್ ಹಳೆಯದಾದರೆ ಮಾತ್ರ ನನಗೆ ಉಡುಗೊರೆ ತರುವ ಮನುಷ್ಯ ಹೀಗೆ ಕಸೂತಿ ನೋಡಿ ಆರಿಸಿದ್ದಾರೆ ಅಂದರೆ ನೀವು ಅರ್ಥ ಮಾಡಿಕೊಳ್ಳಬೇಕು. ನಂಬರನ್ನೂ ಮರೆತಿರಲಿಲ್ಲ. ಆರು. ಮದುವೆಯಾದ ಇಪ್ಪತ್ತಾರು ವರ್ಷದಿಂದ ನಾನು ಹೇಳಿಕೊಂಡು ಬಂದ ನಂಬರು.

ಶುದ್ಧ ಸುಳ್ಳು.

ಇದರ ಮೂಲ ನನ್ನನ್ನು ನೋಡಲು ಬಂದ ದಿನದಲ್ಲಿದೆ. ಉಪ್ಪಿಟ್ಟು, ಕೇಸರಿಬಾತು ಎಲ್ಲ ಮುಗಿದಿತ್ತು. ಹುಡುಗ ಒಪ್ಪಿದ ಲಕ್ಷಣವೂ ಕಂಡಿತ್ತು. ನಾನು ಲೋಟಗಳನ್ನು ಎತ್ತಿಕೊಂಡು ಒಳಗೆ ಹೋಗುತ್ತಿದ್ದಾಗ ಹುಡುಗನ ಸೋದರತ್ತೆ, ಸರ್ವಮಂಗಳತ್ತೆ, ಪಕ್ಕದವರಿಗೆ ಹೇಳಿದ್ದು ಇಡೀ ನಡುಮನೆಗೆ ಕೇಳಿಸಿತು. "ಎಲ್ಲಾ ಸರಿ ಕಣ್ರೀ, ಕಾಲೊಂಚೂರು ದೊಡ್ಡದಾಯ್ತು ಅಲ್ವಾ?"

ಮದುವೆಯೇನೋ ಆಯಿತು. ಆದರೆ ಅವತ್ತಿನಿಂದ ನಾನು ಅಂಗಡಿಗಳಲ್ಲಿ ಆರಾದೆ.

ಹೇಗೆ ಸಾಧ್ಯ ಅಂತೀರಾ? ಹಿಂದೆ ಪಟ್ಟಿ ಇಲ್ಲದ ಚಪ್ಪಲಿ ಇದೆಯಲ್ಲ, ಅದು ಮಹಾ ದಯಾಳು. ಹಿಮ್ಮಡಿ ಒಂದು ಇಂಚು ಹೊರಗಿದ್ದರೂ ಯಾರ ಹತ್ತಿರವೂ ಹೇಳುವುದಿಲ್ಲ. ಮೇಲೆ ಸೀರೆಯ ನೆರಿಗೆ ಬಿದ್ದರೆ ಮುಗಿಯಿತು. ನಾನು ಪಿಯು ಕಾಲೇಜಿನಲ್ಲಿ ಕೆಮಿಸ್ಟ್ರಿ ಹೇಳಿಕೊಡುವವಳು. ಲ್ಯಾಬಿನಲ್ಲಿ ಬ್ಯುರೆಟ್ ರೀಡಿಂಗ್ ಒಂದು ಗೆರೆ ತಪ್ಪಿದರೂ ಮಾರ್ಕ್ಸ್ ಕತ್ತರಿಸುತ್ತೇನೆ. ಅದೇ ಲ್ಯಾಬಿನಲ್ಲಿ ದಿನಕ್ಕೆ ಐದು ಗಂಟೆ ಸುಳ್ಳು ನಂಬರಿನ ಮೇಲೆ ನಿಂತಿರುತ್ತೇನೆ. ಕಿರುಬೆರಳಿನ ಪಕ್ಕ ಆಣಿ ಬೆಳೆದಿತ್ತು. ಸಂಜೆ ಮನೆಗೆ ಬಂದರೆ ಬಕೆಟ್ಟಿನ ಬಿಸಿನೀರಲ್ಲಿ ಕಾಲಿಟ್ಟುಕೊಂಡೇ ಟಿವಿ ನೋಡುವುದು. "ವಯಸ್ಸಾಯ್ತು" ಅಂತ ವಯಸ್ಸಿನ ಮೇಲೆ ಹಾಕಿಬಿಟ್ಟಿದ್ದೆ.

ಶೂ ಹಾಗಲ್ಲ. ಅದಕ್ಕೆ ನಾಲ್ಕೂ ಕಡೆ ಗೋಡೆ. ಅಲ್ಲಿ ಸುಳ್ಳು ನಡೆಯುವುದಿಲ್ಲ.

ಏನು ಮಾಡಲಿ? ಬೀರುವಿನಲ್ಲಿ ಇಟ್ಟುಬಿಡಬಹುದಿತ್ತು. ಆದರೆ ಆ ಕಸೂತಿ ನನಗೆ ನಿಜವಾಗಿಯೂ ಇಷ್ಟವಾಗಿತ್ತು. ಅದಕ್ಕಿಂತ ಹೆಚ್ಚಾಗಿ, ಅವರು "ಹಾಕ್ಕೊಳೇ, ವಾಕಿಂಗ್ ಹೋಗೋಣ" ಅಂತ ದಿನಾ ಕೇಳುತ್ತಾರೆ. ಬುಧವಾರ ಕಾಲೇಜು ಮುಗಿಸಿ, ಮನೆಯಲ್ಲಿ ಹೇಳದೆ, ಡಬ್ಬ ಹಿಡಿದು ಗೋಕುಲಂಗೆ ಆಟೋ ಹತ್ತಿದೆ.

ಅಂಗಡಿಯಲ್ಲಿದ್ದವಳು ರೂಪಾ. ಮೂವತ್ತೈದರ ಆಸುಪಾಸಿನ ಹೆಂಗಸು, ಮಂಡಕಳ್ಳಿ ಕಡೆಯವಳು. ನನಗಿಂತ ಮುಂಚೆ ಒಬ್ಬ ವಿದೇಶಿ ಹೆಂಗಸು ಬಂದಿದ್ದಳು, ಯೋಗ ಕಲಿಯಲು ಬಂದವಳಿರಬೇಕು. "ನೈನ್ ಆಂಡ್ ಹಾಫ್!" ಅಂತ ಬಾಗಿಲಿಂದಲೇ ಕೂಗಿದಳು. ತರಕಾರಿಯವನ ಹತ್ತಿರ ಅರ್ಧ ಕೇಜಿ ಬೀನ್ಸ್ ಕೇಳಿದಷ್ಟು ಸಲೀಸಾಗಿ! ಆಕಾಶವೇನೂ ಬೀಳಲಿಲ್ಲ. ರೂಪಾ ತಂದುಕೊಟ್ಟಳು, ಅವಳು ಹಾಕಿಕೊಂಡು ಹೋದಳು.

"ನಿಮ್ದು ಎಷ್ಟು ಮೇಡಂ?"

ನನ್ನ ಬಾಯಿ ಅಭ್ಯಾಸಬಲದಿಂದ "ಆರು" ಅಂದಿತು. ಕೈಯಲ್ಲಿ ಆರರದೇ ಡಬ್ಬ, ಬಂದಿರುವುದು ಬದಲಾಯಿಸಲು! ರೂಪಾ ಡಬ್ಬ ನೋಡಿದಳು, ನನ್ನ ಕಾಲು ನೋಡಿದಳು, ನಗಲಿಲ್ಲ. ಅವಳು ನಗಲಿಲ್ಲ ಅನ್ನುವುದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ.

"ಕಾಲು ಕೊಡಿ ಇಲ್ಲಿ" ಅಂತ ನೆಲದ ಮೇಲೆ ಕೂತೇಬಿಟ್ಟಳು.

"ಅಯ್ಯೋ, ಕಾಲು ಮುಟ್ಟಬೇಡಮ್ಮ..."

"ಬುಡಿ ಮೇಡಂ, ನನ್ ಕೆಲ್ಸನೇ ಇದು. ಸಂಜೆ ಬಂದಿದ್ದು ಒಳ್ಳೇದಾಯ್ತು. ಬೆಳಿಗ್ಗೆ ಕಾಲು ಸಣ್ಣಕ್ಕಿರ್ತದೆ, ಸಂಜೆಗೆ ಊದ್ಕತದೆ. ಶೂ ನೋಡಾದು ಸಂಜೇನೇ."

ಸ್ಟೀಲಿನ ಅಳತೆ ಹಲಗೆಯ ಮೇಲೆ ನಿಲ್ಲಿಸಿದಳು. ಬಲಗಾಲು ಏಳೂವರೆ. ಎಡಗಾಲು ಎಂಟು. ನಾನು ಕಾಲುಂಗುರ ಬಿಚ್ಚಲು ಬಗ್ಗಿದೆ.

"ಅದ್ಯಾಕ್ ಬಿಚ್ತೀರಾ? ದಿನಾ ಹಾಕ್ಕಂಡೇ ಅಲ್ವಾ ಓಡಾಡಾದು? ಅದರ ಸಮೇತ ಸರಿಯಾಗ್ಬೇಕು. ಮುಂದ್ಗಡೆ ಅಗಲ ಇರೋದೇ ಕೊಡ್ತೀನಿ."

"ಒಂದು ಕಾಲು ಏಳೂವರೆ ಇದೆಯಲ್ಲ, ಏಳೂವರೆನೇ ತಗೊಂಡ್ರೆ?" ಚೌಕಾಸಿ ಬಿಡಲಾದೀತೇ?

"ಯಾರಿಗೂ ಎರಡು ಕಾಲೂ ಒಂದೇ ಸಮ ಇರಲ್ಲ ಮೇಡಂ. ಯಾವಾಗ್ಲೂ ದೊಡ್ ಕಾಲಿಗೆ ನೋಡ್ಬೇಕು. ಚಿಕ್ ಕಾಲು ಎಂಗೋ ಅಡ್ಜಸ್ಟ್ ಮಾಡ್ಕತದೆ."

ನಮ್ಮ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಇದರ ತಿರುಗುಮುರುಗು ಅಲ್ಲವೇ ಹೇಳಿಕೊಡುವುದು? ದೊಡ್ಡದಾಗಿ ನಗಬೇಡ, ಗಟ್ಟಿಯಾಗಿ ಮಾತಾಡಬೇಡ, ಅಳತೆ ಮೀರಿದ್ದನ್ನೆಲ್ಲ ಮಡಚಿ ಒಳಗಿಡು. ಕಾಲನ್ನೂ ಮಡಚಿಡಬಹುದು ಅಂತ ನಂಬಿದ್ದು ಮಾತ್ರ ನನ್ನ ಸ್ವಂತ ದಡ್ಡತನ.

ಎಂಟನೇ ನಂಬರಿನಲ್ಲಿ ಆ ಡಿಸೈನಿನ ಕೊನೆಯ ಜೊತೆ ಉಳಿದಿತ್ತು. ಕಾಲಿಟ್ಟೆ. ಚಮಚ ಬೇಡ, ಪೌಡರ್ ಬೇಡ. ರೂಪಾ ತುದಿಯನ್ನು ಹೆಬ್ಬೆರಳಿನಿಂದ ಒತ್ತಿ ಮುಂದೆ ಜಾಗವಿದೆಯಾ ನೋಡಿದಳು, ಹಿಂದೆ ಹಿಡಿದು ಅಲ್ಲಾಡಿಸಿದಳು, ನಡೆಸಿದಳು. ಹತ್ತು ಬೆರಳೂ ಕಾಲುಂಗುರದ ಸಮೇತ ಒಳಗೆ ಆರಾಮಾಗಿದ್ದವು. ಅಳು ಬಂತು ಅಂದರೆ ನಂಬುತ್ತೀರಾ? ಹಳೇ ಚಪ್ಪಲಿಯನ್ನು ಡಬ್ಬಕ್ಕೆ ಹಾಕಿಸಿ, ಮೈಸೂರು ಸಿಲ್ಕ್ ಸೀರೆಯ ಕೆಳಗೆ ಸ್ನೀಕರ್ಸ್ ಹಾಕಿಕೊಂಡೇ ಹೊರಟೆ. ಆಟೋಗಳು ತಾವಾಗಿಯೇ ನಿಂತವು, ನಾನು ಹತ್ತಲಿಲ್ಲ. ಮನೆಯವರೆಗೂ ನಡೆದೆ!

ಮನೆಗೆ ಬಂದವಳೇ ಇವರ ಮುಂದೆ ನಿಂತು ಹೇಳಿಬಿಟ್ಟೆ. "ನೋಡಿ, ನನ್ನ ನಂಬರು ಆರಲ್ಲ. ಎಂಟು."

ಅವರು ಪೇಪರ್ ಕೆಳಗಿಟ್ಟರು. "ಇಪ್ಪತ್ತಾರು ವರ್ಷದಿಂದ ಆರು ಅಂತ ನಂಬ್ಕೊಂಡಿದ್ದೀನಲ್ಲೇ! ಇನ್ನೇನೇನು ಮುಚ್ಚಿಟ್ಟಿದ್ದೀಯ?"

ಆದರೆ ನಿಜವಾದ ಪರೀಕ್ಷೆ ಇದ್ದಿದ್ದು ಭಾನುವಾರ. ನಜರ್‌ಬಾದಿನಲ್ಲಿ ಸರ್ವಮಂಗಳತ್ತೆಯ ಮೊಮ್ಮಗಳ ಮಗುವಿಗೆ ನಾಮಕರಣ. ಅತ್ತೆಗೆ ಈಗ ಎಂಬತ್ತು ದಾಟಿದೆ, ಕಣ್ಣು ಮಾತ್ರ ಚುರುಕು. ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಪಕ್ಕದಲ್ಲಿ ಅವರು ಮೆಟ್ಟಿಕೊಂಡು ಬಂದ, ಗಂಡಸರು ಹಾಕುವ ಹವಾಯಿ ಚಪ್ಪಲಿ. ಗಂಡ ಬದುಕಿದ್ದಾಗಲೂ ಅತ್ತೆ ಅವರ ಚಪ್ಪಲಿಯನ್ನೇ ಮೆಟ್ಟಿಕೊಂಡು ಓಡಾಡುತ್ತಿದ್ದರು. ಜಿಪುಣತನ ಅಂತ ನಾವೆಲ್ಲ ಹಿಂದಿನಿಂದ ನಗುತ್ತಿದ್ದೆವು.

ನಾನು ಬಗ್ಗಿ ಲೇಸ್ ಬಿಚ್ಚಿದೆ. ಸಾವಕಾಶವಾಗಿ, ಅವರಿಗೆ ಚೆನ್ನಾಗಿ ಕಾಣುವ ಹಾಗೆ.

"ಎಷ್ಟೇ ನಂಬರು?"

"ಎಂಟು ಅತ್ತೆ." ಒಳಗಿದ್ದವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ.

ಅತ್ತೆ ಅತ್ತ ಇತ್ತ ನೋಡಿದರು. ಸೀರೆ ಒಂಚೂರು ಎತ್ತಿ, ನನ್ನ ಎಡಗಾಲಿನ ಶೂ ಒಳಗೆ ಮೆಲ್ಲಗೆ ತಮ್ಮ ಕಾಲಿಟ್ಟರು. ಬೆರಳೆಲ್ಲ ಒಳಗೆ, ಹಿಮ್ಮಡಿ ಹೊರಗೆ.

"ಆಗಲ್ಲ ಕಣೆ. ನಂಗೆ ಒಂಬತ್ತು ಬೇಕು."

ನಾನು ಕೇಳಿದೆ. "ಮತ್ತೆ ಅವತ್ತು ನಂಗ್ಯಾಕೆ ಹಂಗಂದ್ರಿ?"

ಅತ್ತೆ ಕಸೂತಿಯ ಮೇಲೆ ಬೆರಳಾಡಿಸುತ್ತ ಅಂದರು. "ನನ್ನ ನೋಡೋಕೆ ಬಂದೋರು ನಂಗೂ ಅಂಗೇ ಅಂದಿದ್ರಲ್ಲ. ಹೆಣ್ಣು ನೋಡೋಕೆ ಹೋದ್ರೆ ಅಂಗನ್ನಬೇಕು ಅನ್ಕೊಂಬುಟ್ಟಿದ್ದೆ."

ಅವತ್ತಿನ ಊಟದಲ್ಲಿ ನಾವಿಬ್ಬರೂ ಪಕ್ಕ ಪಕ್ಕ ಕೂತೆವು. ಸೋಮವಾರ ಸಂಜೆ ಗೋಕುಲಂನ ಆ ಅಂಗಡಿಗೆ ಹೋಗಿ, ಬಾಗಿಲಿಂದಲೇ ಕೂಗಿದೆ. "ರೂಪಾ, ಒಂಬತ್ತು ಇದೆಯೇನಮ್ಮ? ನಮ್ಮತ್ತೆಗೆ!"

ಅದಿರಲಿ, ನಿಮ್ಮ ನಂಬರು ಎಷ್ಟು? ಅಂಗಡಿಯಲ್ಲಿ ಹೇಳುವುದಲ್ಲ, ಕಾಲಿನದು.