ಹೊಟ್ಟೆಯಿಲ್ಲದ ಹಾವು

ನಮ್ಮ ಆಯಿ, ಅಂದರೆ ಅಮ್ಮನ ತಾಯಿ, ಗ್ರಹಣ ಹೇಗೆ ಹುಟ್ಟಿತೆಂಬ ಕಥೆ ಹೇಳುತ್ತಿದ್ದಳು. ಬಸವಕಲ್ಯಾಣದ ಮನೆಯಲ್ಲಿ ನಾನೂ ತಂಗಿಯೂ ಅವಳ ಎಡಬಲಕ್ಕೆ ಕೂತು ಕೇಳುತ್ತಿದ್ದೆವು. ದೇವರ ಮನೆಯ ಮದುವೆಗೆ ಹಾವೊಂದು ಮನುಷ್ಯನ ವೇಷದಲ್ಲಿ ಬಂದು ಪಂಕ್ತಿಯಲ್ಲಿ ಊಟಕ್ಕೆ ಕೂತಿತಂತೆ. ಸೂರ್ಯ ಚಂದ್ರರು ಗುರುತು ಹಿಡಿದು ಬಡಿಸುವವನಿಗೆ ಕಣ್ಸನ್ನೆ ಮಾಡಿದರು. ಅವನು ಸೌಟು ಬೀಸಿ ಹೊಡೆದ. ಮೈ ಕೆಳಗುಳಿಯಿತು, ತಲೆ ಆಕಾಶಕ್ಕೆ ಹಾರಿತು. ಅಂದಿನಿಂದ ಆ ತಲೆ ಸಿಟ್ಟಿನಿಂದ ಅವರಿಬ್ಬರನ್ನೂ ನುಂಗುತ್ತದೆ.

"ಖರೆ, ಅದಕ್ಕ ಹೊಟ್ಟೀನೇ ಇಲ್ಲಲ್ಲ, ನುಂಗಿದ್ದು ಕೊಳ್ಳಾಗಿಂದ ಹೊರಗ ಬೀಳ್ತದ," ಎನ್ನುತ್ತಿದ್ದಳು ಆಯಿ. "ಅದಕ್ಕೇ ಬಸುರಿ ಹೊಟ್ಟಿ ಕಂಡ್ರ ಅದಕ್ಕ ಹೊಟ್ಟಿಕಿಚ್ಚು."

ಆಯಿ ಹೋದ ಮೇಲೆ ಆ ಕಥೆ ಹೇಳುವವಳು ನಾನಾದೆ. ಚೆನ್ನಾಗಿಯೇ ಹೇಳುತ್ತಿದ್ದೆ. ತಂಗಿ ಹೆದರಿ ನನ್ನ ತೋಳು ಹಿಡಿಯುತ್ತಿದ್ದಳು.

ಮುಂದೆ ಅವಳು ಚೊಚ್ಚಲ ಹೆರಿಗೆಗೆಂದು ಗಂಡನೂರು ದುಬಲಗುಂಡಿಯಿಂದ ತವರಿಗೆ ಬಂದಳು. ಅಮ್ಮ ತೀರಿಕೊಂಡಿದ್ದರಿಂದ ಬಾಣಂತನ ಮಾಡಲು ನಾನೇ ಹುಮನಾಬಾದಿನ ಗಂಡನ ಮನೆಯಿಂದ ಬಂದಿದ್ದೆ. ಅವಳಿಗೆ ಒಂಬತ್ತು ತುಂಬುವ ಹೊತ್ತಿಗೆ ಸೂರ್ಯಗ್ರಹಣ ಬಂತು. ಬೆಳಿಗ್ಗೆಯೇ ಕಿಟಕಿಗೆ ಚಾದರ ಕಟ್ಟಿ ಅವಳನ್ನು ಒಳಕೋಣೆಯಲ್ಲಿ ಮಲಗಿಸಿದೆ. ಅಂಗಳದಲ್ಲಿ ತಾಟಿಗೆ ನೀರು ತುಂಬಿ, ಗ್ರಹಣ ಬಿಟ್ಟಾಗ ತಾನೇ ಬೀಳುತ್ತದೆಂದು ಅದರಲ್ಲಿ ಒನಕೆ ನಿಲ್ಲಿಸಿದೆ.

ಗ್ರಹಣ ಹಿಡಿದ ಸ್ವಲ್ಪ ಹೊತ್ತಿಗೆ ಅವಳು ಕರೆದಳು.

"ಅಕ್ಕಾ, ಕೂಸು ಮಿಸುಕವಲ್ದು."

"ಮಲಗಿರಬೇಕು ತಗೋ."

"ಮುಂಜಾನಿಂದ ಒಮ್ಮೆನೂ ಮಿಸುಕಿಲ್ಲ. ದವಾಖಾನಿಗಿ ಹೋಗಮು."

ನಾವು ಖಾಲಾ, ಅಂದರೆ ಚಿಕ್ಕಮ್ಮ, ಎಂದು ಕರೆಯುವ ಪಕ್ಕದ ಮನೆಯವರಿಗೆ ಇದು ಕೇಳಿಸಿರಬೇಕು. ಓಡಿ ಬಂದು ಬಾಗಿಲಲ್ಲಿ ನಿಂತರು. "ನಮ್ಮವರ ಆಟೋ ಇಲ್ಲೇ ಅದ ಬೇಟಿ. ಈಗೇ ನಡೀರಿ."

"ಗ್ರಹಣ ಬಿಡಲಿ ಖಾಲಾ. ಎರಡು ತಾಸಿನ ಮಾತು," ಎಂದೆ.

ತಂಗಿ ನನ್ನ ಮುಖ ನೋಡಿದಳು. ನಾನು ಹೂಂ ಎಂದಿದ್ದರೆ ಎದ್ದುಬಿಡುತ್ತಿದ್ದಳು. ನಾನು ಅವಳ ಹೊಟ್ಟೆಯ ಮೇಲೆ ಇನ್ನೊಂದು ಚಾದರ ಹೊದಿಸಿದೆ.

ಗ್ರಹಣ ಬಿಟ್ಟ ಮೇಲೂ ತಲೆಗೆ ನೀರು ಹಾಕಿಸಿ, ಕೂದಲು ಒರೆಸಿ, ಆಮೇಲೆ ಆಟೋ ಹತ್ತಿಸಿದೆ. ಡಾಕ್ಟರಮ್ಮ ಹೊಟ್ಟೆಯ ಮೇಲೆ ಮಷೀನು ಆಡಿಸಿ ಆಡಿಸಿ ನೋಡಿದರು. ನಂತರ ನನ್ನನ್ನು ಹೊರಗೆ ಕರೆದು, ಎದೆಬಡಿತ ಇಲ್ಲ ಎಂದರು.

"ಮುಂಜಾನೆ ಯಾಕ ಬರ್ಲಿಲ್ರಿ?"

"ಗ್ರಹಣ ಇತ್ರಿ."

ಅವರು ಬೈಯಲಿಲ್ಲ. ಬೇಗ ಬಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದೆ. "ಹೇಳಾಕ ಆಗಂಗಿಲ್ರಿ," ಎಂದರು.

ಮರುದಿನ ಹೆರಿಗೆ ಮಾಡಿಸಿದರು. ಹೆಣ್ಣು ಕೂಸು, ತಲೆತುಂಬ ಕೂದಲು. ಅಪ್ಪನೂ ಖಾಲಾನ ಗಂಡನೂ ಒಯ್ದು ಮಣ್ಣು ಮಾಡಿ ಬಂದರು.

ತನ್ನ ಗಂಡನ ಮನೆಯವರು ಬಂದು ವಿಚಾರಿಸಿದಾಗ ತಂಗಿ, "ಗ್ರಹಣದ ಹಿಂದಿನ ದಿನಾನೇ ಹೋಗಿತ್ತಂತ್ರಿ," ಎಂದಳು. ನನ್ನ ಕಡೆ ನೋಡಲಿಲ್ಲ. ನಾನು ಅವರಿಗೆ ಚಹಾ ಮಾಡಲು ಒಳಗೆ ಹೋದೆ.

ಈಗಲೂ ವಾರಕ್ಕೊಮ್ಮೆ ಫೋನು ಮಾಡುತ್ತಾಳೆ. ಮಳೆ, ತೊಗರಿ, ಅತ್ತೆಯ ಮೊಣಕಾಲು ನೋವು, ಇಷ್ಟೇ ಮಾತು. ಹೋದ ವರ್ಷ ಒಮ್ಮೆ ಧೈರ್ಯ ಮಾಡಿ, "ಅವತ್ತಿಂದು ತಪ್ಪು ನಂದೇ," ಎಂದೆ.



"ನನಗೂ ಕಾಲಿದ್ವಲ್ಲಕ್ಕ, ಎದ್ದು ಹೋಗಬೇಕಿತ್ತು," ಎಂದಳು. ಬಸ್ಸು ಬಂತೆಂದು ಫೋನು ಇಟ್ಟಳು.