ಮೌಸು ನಿಲ್ಲುತ್ತಿದ್ದ ಮಧ್ಯಾಹ್ನಗಳು

ಹಳೆಯ ಮೌಸಿನ ಹೊಟ್ಟೆ ಬಿಚ್ಚಿ ರಬ್ಬರು ಗುಂಡು ತೆಗೆದಾಗ ಬರುವ ವಾಸನೆ ನಿಮಗೆ ಗೊತ್ತೇ? ಬೆವರು, ಧೂಳು, ಸವೆದ ಎರೇಸರು ಮೂರನ್ನೂ ಕಲಸಿದಂತೆ. ಸುರಪುರದ ನಮ್ಮ ಮನೆಯಲ್ಲಿ ಗುಜರಿ ಭಾಗಗಳಿಂದ ಹಳೇ ಕಾಲದ ಕಂಪ್ಯೂಟರೊಂದನ್ನು ಜೋಡಿಸುತ್ತ ಕೂತಿದ್ದೆ. ಅವಧಿಗೆ ಮೊದಲೇ ನಿವೃತ್ತಿ ಪಡೆದವನಿಗೆ ಏನಾದರೊಂದು ಹುಚ್ಚು ಬೇಕಲ್ಲ. "ಇದು ಚಾಲೂ ಆದ್ರ ತಿಂಥಣಿ ಗುಡಿತನಾ ನಡಕೋತ ಹೋಗ್ತೀನ್ರಿ" ಎಂದಿದ್ದಳು ಹೆಂಡತಿ. ಚಾಲೂ ಆಯಿತು, ಅವಳು ಆ ಮಾತನ್ನೇ ಎತ್ತುತ್ತಿಲ್ಲ.

ನಮ್ಮ ಅಕ್ಕ ನೀಲಮ್ಮನ ಬೆರಳುಗಳಿಗೂ ಒಂದು ಕಾಲಕ್ಕೆ ಇದೇ ವಾಸನೆ. ಶಹಾಪುರದ ಡಿಟಿಪಿ ಅಂಗಡಿಯೊಂದರಲ್ಲಿ ಲಗ್ನಪತ್ರಿಕೆ ಜೋಡಿಸುತ್ತಿದ್ದಳು. ಮಧ್ಯಾಹ್ನ ಮಾಲೀಕರು ಅವಳನ್ನು ಎಬ್ಬಿಸಿ, ತಾವೇ ಕೂತು, ಫೋನ್ ತಂತಿಗೆ ಸೇರಿಸಿದ, ಕೀರಲು ಸದ್ದಿನ ಮೋಡೆಮ್ ಮೂಲಕ ಪುಟಗಳನ್ನು ಊರಾಚೆಯ ಮುದ್ರಣಾಲಯಕ್ಕೆ ಕಳಿಸುತ್ತಿದ್ದರು. ಆಗಲೇ ಮೌಸು ಸತ್ತುಹೋಗುತ್ತಿತ್ತು. ಯಾದಗಿರಿಯಿಂದ ರಿಪೇರಿಯವನು ಬಂದು ನೋಡಿದರೆ ಮೌಸು ಮೊಲದಂತೆ ಓಡುತ್ತಿತ್ತು!

"ನಾ ಕುಂತಾಗಷ್ಟ ಯಾಕ ನಿಲ್ತದ? ಏಳೂಮುಂದ ನೀನ ಏನರ ಮಾಡಿ ಏಳ್ತಿ" ಎಂದರು ಮಾಲೀಕರು.

ಅಕ್ಕ ಅವತ್ತೇ ಕೆಲಸ ಬಿಟ್ಟಳು. ಅವಳ ಕುರ್ಚಿಗೆ ಬಂದವಳು ಜೊತೆಗೇ ಕೆಲಸ ಮಾಡುತ್ತಿದ್ದ ಗೆಳತಿ ಶಶಿಕಲಾ. ಅಕ್ಕನ ಸಂಶಯಕ್ಕೆ ಅಷ್ಟು ಸಾಕಾಗಿತ್ತು: ಕುರ್ಚಿಗಾಗಿ ವೈರು ಸಡಿಲು ಮಾಡಿದವಳು ಅವಳೇ. ಕೆಲವು ದಿನಗಳ ಮೇಲೆ ಶಶಿಕಲಾ ನಮ್ಮ ಮನೆಗೇ ಬಂದಳು. "ನೀಲಾ, ನೀ ಹೋದ ಮ್ಯಾಲೂ ಅದು ಹಂಗ ನಿಲ್ಲಾಕತ್ತದ" ಎಂದಳು. ಸಮಾಧಾನ ಮಾಡಲು ಹೇಳುವ ಸುಳ್ಳೆಂದುಕೊಂಡು ಅಕ್ಕ ಬಾಗಿಲು ಹಾಕಿಕೊಂಡಳು. ಮುಂದೆ ಮದುವೆಯಾಗಿ ವಡಗೇರಾ ಸೇರಿ ಬ್ಲೌಸು ಹೊಲಿಯತೊಡಗಿದಳು. ಮತ್ತೆ ಕಂಪ್ಯೂಟರು ಮುಟ್ಟಲಿಲ್ಲ. ಅಳತೆ ಕೊಡಲು ಬಂದವರ ಮಾತನ್ನೂ ಅರ್ಧವೇ ನಂಬುತ್ತಾಳೆ.

ಮೊನ್ನೆ ನನ್ನ ಮೌಸೂ ನಿಂತಿತು. ಗುಂಡು ತೊಳೆದೆ, ಪಿನ್ನು ನೆಟ್ಟಗೆ ಮಾಡಿದೆ, ಮೌಸು ಮಾರಿದವನನ್ನು ಮನಸಾರೆ ಬೈದೆ. ಕೊನೆಗೆ ಕಂಡಿತು: ಆ ಕೀರಲು ಸದ್ದು ಕೇಳುವ ಆಸೆಗೆ ನಾನೇ ಹಾಕಿದ್ದ ಮೋಡೆಮ್ ಶುರುವಾದಾಗಲೆಲ್ಲ ಮೌಸು ನಿಲ್ಲುತ್ತಿತ್ತು. ಒಳಗೆ ಎರಡಕ್ಕೂ ಒಂದೇ ಸಂದೇಶದ ದಾರಿ. ಅದು ಹೊರಟರೆ ಇದು ಮೂಕ.

ಫೋನಿನಲ್ಲಿ ಹೇಳಿದರೆ ಅಕ್ಕ ನಂಬಲಿಲ್ಲ. "ನನ್ನ ಖುಷಿ ಮಾಡಾಕ ಹೇಳಾಕತ್ತಿ." ಮರುದಿನ ಬಸ್ಸು ಹತ್ತಿ ತಾನೇ ಬಂದಳು. ನನ್ನ ಕೈಯನ್ನು ಮೇಜಿನಿಂದ ದೂರ ಸರಿಸಿ ಮೌಸು ಹಿಡಿದಳು.

"ಈಗ ಹಚ್ಚು."

ಮೋಡೆಮ್ ಕಿರುಚಿತು. ಪರದೆಯ ಮೇಲಿನ ಬಾಣ ನಿಂತಿತು. ಮತ್ತೆ ಮಾಡಿಸಿದಳು, ಮತ್ತೆ ನಿಂತಿತು. ಮೌಸಿನ ವೈರನ್ನು ಬೇರೆ ದಾರಿಯಿದ್ದ ಪಕ್ಕದ ಪೋರ್ಟಿಗೆ ಚುಚ್ಚಿ ತೋರಿಸಿದೆ. ಮೋಡೆಮ್ ಕೂಗುತ್ತಿದ್ದರೂ ಬಾಣ ಅವಳ ಕೈಯ ಹಿಂದೆ ಹಿಂದೆ ಓಡಿತು.

"ಇಷ್ಟ?"

"ಇಷ್ಟ."

ಅವಳು ನಗುತ್ತಾಳೆ, ಮಾಲೀಕರನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಮೌಸನ್ನು ಮಗುಚಿ ಹೊಟ್ಟೆಯ ಗುಂಡನ್ನು ಬೆರಳಿನಿಂದ ತಿರುಗಿಸಿದಳು. ಆಮೇಲೆ, "ಹಂಗಾರ ಶಶಿ ಖರೇನ ಹೇಳಿದ್ಲು" ಎಂದಳು. ಊಟಕ್ಕೂ ನಿಲ್ಲಲಿಲ್ಲ.

ಸಂಜೆ ಫೋನು ಬಂತು. ಧ್ವನಿ ತಗ್ಗಿಸಿದ್ದಳು. "ಶಹಾಪುರದಾಗ ಇಳದೀನಿ. ಶಶಿ ಮನ್ಯಾಗ ಅದೀನಿ. ಒಳಗ ಕರದಾಳ, ಆದ್ರ ಬಂದದ್ದು ಯಾಕ ಅಂತ ಇನ್ನೂ ಕೇಳಿಲ್ಲ."

"ನೀನ ಮೊದಲ ಹೇಳಿಬಿಡು."

"ಹೇಳ್ತೀನಿ ತಡಿ. ಚಾ ತರಾಕತ್ಯಾಳ."

ಹಿಂದಿನಿಂದ ಇನ್ನೊಂದು ಹೆಣ್ಣುದನಿ ಕೇಳಿತು: "ಯಾರ ಜೋಡಿ ಗುಸುಗುಸು ನಡಿಸೀದಿ, ನೀಲಾ?"

ಆ ದನಿಯಲ್ಲಿ ಸಂಶಯ ತುಂಬಿತ್ತು. ಆದರೆ ಶಶಿಕಲಾ ಹೆಸರು ಹಿಡಿದು ಹಳೆಯ ಸಲಿಗೆಯಲ್ಲೇ ಕರೆದಿದ್ದಳು. ನಾನು ಮೆಲ್ಲಗೆ ಫೋನು ಇಟ್ಟೆ.