ಖಾಲಿ ಬಸ್ಸಿನ ಜನ

ಇವತ್ತು ಬೆಳಿಗ್ಗೆ ತುಮಕೂರಿನ ಉಪ್ಪಾರಹಳ್ಳಿ ಸ್ಟಾಪಿನಲ್ಲಿ ನಿಂತಿದ್ದಾಗ ಬಸ್ಸೊಂದು ಮುಖದ ಮೇಲೆ ಡೀಸೆಲ್ ಹೊಗೆ ಉಗುಳಿ ಹೋಯಿತು. ಬೇರೆಯವರಿಗೆ ಮಲ್ಲಿಗೆಯ ಘಮಕ್ಕೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹಕ್ಕೆ ಈ ಹೊಗೆ. ಕೆಮ್ಮುತ್ತಿರುವಾಗಲೇ ಶಮೀಮ್ ಬಾನು ನೆನಪಾದಳು.

ನಾನು ತುಮಕೂರಿನ ಸಾರಿಗೆ ಕಚೇರಿಯೊಂದರಲ್ಲಿ ಬಸ್ಸುಗಳ ವೇಳಾಪಟ್ಟಿ ಬರೆಯುವ ಗುಮಾಸ್ತ. ನಮ್ಮ ವ್ಯವಸ್ಥೆ ಹೀಗಿದೆ ನೋಡಿ: ಬೆಂಗಳೂರಿನಲ್ಲಿ ಕೇಂದ್ರ ಕಚೇರಿ, ಅದರ ಕೆಳಗೆ ವಿಭಾಗ, ವಿಭಾಗದ ಕೆಳಗೆ ಡಿಪೋಗಳು, ಅವುಗಳ ಕೆಳಗೆ ಬಸ್ ಸ್ಟ್ಯಾಂಡಿನ ಗೂಡಿನಲ್ಲಿ ಕೂತು ಮೈಕಿನಲ್ಲಿ ಕೂಗುವ ಕಂಟ್ರೋಲರು, ಕೊನೆಗೆ ಡ್ರೈವರು, ಕಂಡಕ್ಟರು. ಮೇಲಿನಿಂದ ಆದೇಶ ಇಳಿಯುತ್ತದೆ, ಕೆಳಗಿನಿಂದ ವರದಿ ಏರುತ್ತದೆ. ನಡುವೆ ನಾನು ಎರಡಕ್ಕೂ ಸೀಲು ಒತ್ತುತ್ತೇನೆ. ಗೋಡೆಯ ಮೇಲಿನ ಚಾರ್ಟಿನಲ್ಲಿ ಇಷ್ಟೂ ಜನಕ್ಕೆ ಒಂದೊಂದು ಚೌಕ ಇದೆ. ಪ್ರಯಾಣಿಕರಿಗೆ ಮಾತ್ರ ಇಲ್ಲ. ಇಷ್ಟು ವರ್ಷ ಅದರ ಎದುರೇ ಕೂತು ಚಹಾ ಕುಡಿದ ನನಗೆ ಅದು ಹೊಳೆದಿರಲಿಲ್ಲ, ಬಿಡಿ.

ಹೆಂಗಸರಿಗೆ ಉಚಿತ ಪ್ರಯಾಣ ಶುರುವಾದ ಮೇಲಿನ ಮಾತು. ಖಾಲಿ ಓಡುವ ಟ್ರಿಪ್ಪುಗಳ ಪಟ್ಟಿ ಕಳಿಸಿ ಎಂದು ಮೇಲಿನಿಂದ ಆದೇಶ ಬಂತು. ಟಿಕೆಟ್ ಮೆಷಿನ್ನಿನ ವರದಿ ತೆಗೆದೆ. ಬೆಳಿಗ್ಗೆ ಏಳರ ಕೊತ್ತಗೆರೆ–ಕುಣಿಗಲ್ ಬಸ್ಸಿನಲ್ಲಿ ದಿನಾ ಆರೇಳು ಜನ. ರದ್ದು ಎಂದು ಬರೆದೆ. ಸಾಹೇಬರು ಸಹಿ ಹಾಕಿದರು, ಆ ಬಸ್ಸನ್ನು ಗುಬ್ಬಿ ಕಡೆಯ ರೂಟಿಗೆ ಹಾಕಿದರು. ಒಳ್ಳೆ ಕೆಲಸ ಮಾಡಿದೆನೆಂದು ನಾನು ಬೀಗಿದ್ದೂ ಉಂಟು.

ಹತ್ತು ದಿನಕ್ಕೆ ಕೊತ್ತಗೆರೆಯ ಶಮೀಮ್ ಬಾನು ನನ್ನ ಮೇಜಿನ ಮುಂದೆ ನಿಂತಿದ್ದಳು. ಕುಣಿಗಲ್ಲಿನ ನರ್ಸಿಂಗ್ ಹೋಮಿನಲ್ಲಿ ಆಯಾ ಕೆಲಸ, ಎಂಟಕ್ಕೆ ಡ್ಯೂಟಿ.

"ಆಮೇಲಿನ ಬಸ್ಸು ಒಂಬತ್ತೂವರೆಗೆ ಸಾರ್. ಇನ್ನೊಂದ್ಸಲ ಲೇಟಾದ್ರೆ ಬರ್ಲೇಬೇಡ ಅಂದವ್ರೆ."

"ನೋಡಮ್ಮ, ಆ ಬಸ್ಸಲ್ಲಿ ಜನಾನೇ ಇರ್ಲಿಲ್ಲ," ಎಂದು ವರದಿ ತೋರಿಸಿದೆ.

ಆಕೆ ಹಾಳೆಯನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು. "ಯಾರ್ ಸಾರ್ ಹೇಳಿದ್ದು? ಕಾಲಿಡಾಕ್ ಜಾಗ ಇರ್ತಿರ್ಲಿಲ್ಲ! ನಾವೆಲ್ಲಾ ದಿನಾ ಹೋಗೋರು. ಆಧಾರ್ ಕಾರ್ಡ್ ತೆಗ್ಯಾಕ್ ಹೋದ್ರೆ ಕಂಡಕ್ಟ್ರಣ್ಣ, 'ಇರ್ಲಿ ಬುಡಮ್ಮ, ನಿಮ್ಮನ್ನ ನಂಗೊತ್ತಿಲ್ವಾ' ಅಂತಿದ್ರು."

ತೋರಿಸಿದ್ದ ಹಾಳೆಯನ್ನು ಮಡಚಿಟ್ಟೆ. ದುಡ್ಡು ತೆಗೆದುಕೊಳ್ಳದಿದ್ದರೂ ಕಂಡಕ್ಟರು ಹೆಂಗಸರಿಗೆ ಸೊನ್ನೆಯ ಟಿಕೆಟ್ ಹರಿಯಲೇಬೇಕು. ಅವರು ಬಸ್ಸಿನಲ್ಲಿದ್ದರೆಂದು ನಮಗೆ ತಿಳಿಯುವುದೇ ಅದರಿಂದ. ಆ ಪುಣ್ಯಾತ್ಮ ಗುರುತಿನವರೆಂಬ ವಿಶ್ವಾಸಕ್ಕೆ ಹರಿದಿರಲಿಲ್ಲ. ನಾನೋ, ಒಂದು ದಿನವೂ ಹೋಗಿ ಬಸ್ಸಿನೊಳಗೆ ಇಣುಕಿರಲಿಲ್ಲ.

"ವಾಪಸ್ ಹಾಕಿಸ್ತೀನಮ್ಮ," ಎಂದೆ. ಬಸ್ಸು ತೆಗೆಯಲು ಒಂದು ಸಹಿ ಸಾಕಾಗಿತ್ತು. ವಾಪಸ್ ಹಾಕಲು ಡಿಪೋದಿಂದ ವರದಿ, ವರದಿಗೆ ಸ್ಪಷ್ಟನೆ, ಸ್ಪಷ್ಟನೆಗೆ ಜ್ಞಾಪನ. ಬಸ್ಸಿದ್ದರೆ ಡ್ರೈವರಿಲ್ಲ, ಡ್ರೈವರಿದ್ದರೆ ಬಸ್ಸಿಲ್ಲ. ಫೈಲಿನ ಹಿಂದೆ ಅಲೆದು ಅಲೆದು ನನಗೇ ಸಾಕಾಯಿತು. ಎರಡು ತಿಂಗಳಾದ ಮೇಲೆ ಆದೇಶ ಬಂತು. ಖುಷಿಯಿಂದ ಆಕೆಗೆ ಫೋನ್ ಮಾಡಿದೆ.

"ಬಂತಾ ಸಾರ್? ಒಳ್ಳೇದಾಯ್ತು, ಮಿಕ್ಕೋರ್ಗಾದ್ರೂ ಆಯ್ತದೆ," ಎಂದಳು. "ನನ್ನ ಜಾಗಕ್ಕೆ ಬೇರೆಯವ್ರನ್ನ ತಗೊಂಡ್ರು."

ಬೈದಿದ್ದರೆ ಚೆನ್ನಾಗಿತ್ತು. ಫೋನಿಟ್ಟ ಮೇಲೆ ನಾಚಿಕೆಯಿಂದ ಊಟ ಸೇರಲಿಲ್ಲ.

ಹೋದ ವಾರ ಮತ್ತೆ ಅಂಥದೇ ಪಟ್ಟಿ ಕೇಳಿದ್ದಾರೆ. ಅದಕ್ಕೇ ಇವತ್ತು ರಜೆ ಹಾಕಿ ಗುಬ್ಬಿಗೆ ಹೋಗಿ, ವರದಿಯ ಪ್ರಕಾರ ಒಂಬತ್ತೇ ಜನರಿರುವ ತುಮಕೂರು ಬಸ್ಸು ಹತ್ತಿದೆ. ಮಂಡಿ ನೋವು, ಸೀಟಿಲ್ಲ, ಬಾಗಿಲವರೆಗೂ ಜನ. ಬುತ್ತಿಚೀಲ ಹಿಡಿದ ಹೆಂಗಸೊಬ್ಬಳು ಎದ್ದು, "ಕೂತ್ಕೊಳಿ ಯಜಮಾನ್ರೆ, ಸುಸ್ತಾಗಿದ್ದೀರಿ ಪಾಪ," ಎಂದಳು.

ಸುಸ್ತೇನೋ ಆಗಿತ್ತು. ಆದರೆ ಕೂತರೆ ಹಿಂದಿನವರು ಕಾಣುತ್ತಿರಲಿಲ್ಲ. ತುಮಕೂರಿನವರೆಗೂ ನಿಂತೇ ಎಣಿಸಿದೆ.